ಕಾರ್‌ಪೂಲಿಗೊಬ್ಬ ಮಾವ

ಅಮೆರಿಕದ ಅನೇಕ ಹೆದ್ದಾರಿಗಳಲ್ಲಿ ಎಡತುದಿಯ ಲೇನಿಗೆ ಅಜ್ಜಿಯ ಅಡುಗೆಮನೆಯಷ್ಟೇ ಮಡಿ. ಅದಕ್ಕೆ ಕಾರ್‌ಪೂಲ್ ಲೇನೆಂದು ಹೆಸರು. ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಇಸ್ಪೀಟಿನ ಡೈಮನ್ ಬರೆದಿರುತ್ತಾರೆ. ಅದು ಕಂಡಿತೆಂದರೆ ಕಾರಿನಲ್ಲಿ ಒಬ್ಬರೇ ಇರುವವರು ಮೈಲಿಗೆಯವರು, ದೂರ ಸರಿಯಬೇಕು. ಸಾಮಾನ್ಯವಾಗಿ ಇಬ್ಬರಿದ್ದರೆ ಒಳಗೆ ಬಿಡುತ್ತಾರೆ. ಬೇ ಬ್ರಿಜ್ ಕಡೆ ಹೋಗುವ ಐ-80ರಲ್ಲಿ ಮಡಿ ಇನ್ನೂ ಜಾಸ್ತಿ, ಅಲ್ಲಿ ಮೂವರಿರಬೇಕು. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸೀಮೆಯಲ್ಲಿ ನಾನು ಹೇಳುತ್ತಿರುವ ಕಾಲಕ್ಕೆ ಇದೆಲ್ಲ ಬಹುಪಾಲು ಕಡೆ ವಾರದ ದಿನ ಬೆಳಿಗ್ಗೆ 5ರಿಂದ 9, ಸಂಜೆ 3ರಿಂದ 7ರವರೆಗೆ. ಉಳಿದ ಹೊತ್ತು ಯಾರು ಬೇಕಾದರೂ ಹೋಗಬಹುದಿತ್ತು. ತೊಡೆಯ ಮೇಲಿನ ಲ್ಯಾಪ್‌ಟಾಪ್ ಲೆಕ್ಕಕ್ಕಿಲ್ಲ, ನಾಯಿಯೂ ಇಲ್ಲ. ಹಿಂದಿನ ಸೀಟಿನಲ್ಲಿ ಮಲಗಿರುವ ಹಸುಗೂಸು ಲೆಕ್ಕಕ್ಕಿದೆ. ಹೊಟ್ಟೆಯೊಳಗಿರುವುದು ಇಲ್ಲ. ಎಣಿಕೆ ತಪ್ಪಿದರೆ ಕನಿಷ್ಠ ದಂಡ ಎಷ್ಟೆಂದು ರಸ್ತೆ ಬದಿಯ ಫಲಕವೇ ಹೇಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು 490 ಡಾಲರ್.

ಈ ಮಡಿಗೆ ಒಂದು ವಿನಾಯಿತಿ ಬಂತು. ಗ್ಯಾಲನ್ನಿಗೆ 45 ಮೈಲಿಯಾದರೂ ಕೊಡುವ ಹೈಬ್ರಿಡ್ ಕಾರಿದ್ದರೆ ಒಬ್ಬರೇ ಹೋಗಬಹುದು ಎಂದು ಕ್ಯಾಲಿಫೋರ್ನಿಯಾ 2004ರಲ್ಲಿ ಕಾನೂನು ಮಾಡಿತು. ಕೇಂದ್ರದ ಒಪ್ಪಿಗೆ 2005ರ ಆಗಸ್ಟಿನಲ್ಲಿ ಸಿಕ್ಕಿತು. ಟೊಯೋಟಾ ಪ್ರಿಯಸ್, ಹೋಂಡಾ ಇನ್‌ಸೈಟ್, ಸಿವಿಕ್ ಹೈಬ್ರಿಡ್ ಇಟ್ಟುಕೊಂಡವರು ಎಂಟು ಡಾಲರ್ ಕಟ್ಟಿ ಹಳದಿ ಸ್ಟಿಕ್ಕರ್ ತಂದು ಅಂಟಿಸಿಕೊಂಡರು. ಮೊದಲು 75,000 ಕೊಡುವುದೆಂದಿದ್ದವರು ಆಮೇಲೆ 85,000ಕ್ಕೆ ಏರಿಸಿದರು. 2007ರ ಫೆಬ್ರವರಿಗೆಲ್ಲ ಅಷ್ಟೂ ಖಾಲಿ. ಆ ಕಾಲದಲ್ಲಿ ನಾನು ಏನು ಮಾಡುತ್ತಿದ್ದೆನೆಂದರೆ, ಯುಗಾದಿ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಗೆಳೆಯರಿಗೆ ಪಾಠ ಹೇಳುತ್ತಿದ್ದೆ. "ಬ್ಯಾಟರಿ ಕಾರು ನಂಬಬೇಡ್ರೀ, ಮಧ್ಯದಾರೀಲಿ ಸತ್ತರೆ ತಳ್ಳೋಕೆ ಯಾರು ಬರ್ತಾರೆ?" ಅವರು ತಲೆಯಾಡಿಸಿ, ಸೋಮವಾರ ಎಡತುದಿಯಲ್ಲಿ ಹೋಗಿ, ನಾನು ಆಫೀಸು ಮುಟ್ಟುವ ಹೊತ್ತಿಗೆ ಎರಡನೇ ಕಾಫಿ ಮುಗಿಸಿರುತ್ತಿದ್ದರು.

ಸ್ಟಿಕ್ಕರ್ ಮುಗಿದ ಮೇಲೆ ನನಗೆ ಜ್ಞಾನೋದಯವಾಯಿತು. ಹೊಸದು ಸಿಗದಿದ್ದರೇನು, ಸ್ಟಿಕ್ಕರ್ ಕಾರಿನದು, ಮಾಲೀಕನದಲ್ಲ. ಸ್ಟಿಕ್ಕರಿದ್ದ ಹಳೇ ಪ್ರಿಯಸ್‌ಗೆ ಮಾರುಕಟ್ಟೆಯಲ್ಲಿ ಪ್ರತ್ಯೇಕ ರೇಟೇ ಇತ್ತು. 2010ರ ಕೊನೆಯಲ್ಲಿ ಅಂಥದ್ದೊಂದನ್ನು ಕೊಂಡೆ. ಮಾರಿದಾತ ಹಣ ಎಣಿಸಿಕೊಂಡು ನನ್ನ ಕೈ ಕುಲುಕಿದ ರೀತಿಯಲ್ಲೇ ಏನೋ ಇತ್ತು.

"ರೀ, ಇದು ಜುಲೈ ಒಂದಕ್ಕೆ ಮುಗಿಯುತ್ತಂತಲ್ಲಾ?" ಎಂದಳು ಹೆಂಡತಿ.

ನಾನು ನಕ್ಕೆ. 2008ರ ಜನವರಿಗೆ ಮುಗಿಯಬೇಕಿದ್ದುದನ್ನು 2011ರ ಜನವರಿಗೆ ತಳ್ಳಿದ್ದರು. ಅದನ್ನೂ ಈಗ ಜುಲೈಗೆ ತಳ್ಳಿದ್ದರು. ಅಕ್ರಮ-ಸಕ್ರಮದ ಮಾತು ಕೇಳುತ್ತಲೇ ಬೆಂಗಳೂರಿನಲ್ಲಿ ಕಾಲ ಕಳೆದು ಬಂದವನಿಗೆ, ಎರಡು ಸಲ ಮುಂದೂಡಿದ ಸರ್ಕಾರ ಮೂರನೇ ಸಲ ಮುಂದೂಡುವುದಿಲ್ಲ ಎಂದರೆ ನಂಬಿಕೆ ಬರುವುದು ಹೇಗೆ? "ಗಡುವು ಅಂದ್ರೆ ಗಡುವಲ್ಲ ಕಣೇ," ಎಂದೆ.

ಜುಲೈವರೆಗಿನ ಆ ಕೆಲವು ತಿಂಗಳು ನಾನು ಸಾಕಷ್ಟು ಮೆರೆದೆ. ಫ್ರೀಮಾಂಟಿನ ಮನೆಯಿಂದ ಸನ್ನಿವೇಲಿನ ಆಫೀಸಿಗೆ ಮೊದಲು 880ನೇ ಹೆದ್ದಾರಿ, ಆಮೇಲೆ 237. ಬಲಗಡೆ ನಿಂತ ಸಾಲನ್ನು ನೋಡುತ್ತ ಒಬ್ಬನೇ ಹೋಗುವಾಗ ಕತ್ತು ತಾನಾಗಿ ಉದ್ದವಾಗುತ್ತಿತ್ತು. ಒಂದೇ ಕಿರಿಕಿರಿ, ಮೈಲೇಜು. ಹೈಬ್ರಿಡ್ ಗಾಡಿಯ ಜಾಣತನವೆಲ್ಲ ನಿಂತು ಹೊರಡುವ ಟ್ರಾಫಿಕ್ಕಿನಲ್ಲಿದೆ. ಬ್ರೇಕು ಒತ್ತಿದಾಗ ಚಕ್ರದ ಓಟವೇ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ. ನಿಂತಾಗ ಎಂಜಿನ್ನೂ ನಿಂತಿರುತ್ತದೆ. ಬೇರೆ ಕಾರುಗಳು ಊರೊಳಗೆ ಹೆಚ್ಚು ಕುಡಿದರೆ ಇದು ಹೆದ್ದಾರಿಯಲ್ಲಿ ಹೆಚ್ಚು ಕುಡಿಯುತ್ತದೆ. ನನ್ನ ಮಾದರಿಗೆ ಸರ್ಕಾರದವರೇ ಕೊಟ್ಟ ಅಂಕಿ ಊರೊಳಗೆ 48, ಹೆದ್ದಾರಿಯಲ್ಲಿ 45. ಅಂದರೆ ಪೆಟ್ರೋಲು ಉಳಿಸುತ್ತೀಯೆಂದು ಬೆನ್ನು ತಟ್ಟಿ, ಉಳಿತಾಯ ಕಡಿಮೆಯಾಗುವ ಲೇನಿಗೇ ಕಳಿಸಿದ್ದರು! ನನಗೆ ಲೇನೂ ಬೇಕು, ಅಂಕಿಯೂ ಬೇಕು. ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಎಂಜಿನ್ನಿನಿಂದ ಚಕ್ರಕ್ಕೆ, ಚಕ್ರದಿಂದ ಬ್ಯಾಟರಿಗೆ ಬಾಣಗಳು ಓಡಾಡುತ್ತಿದ್ದವು. ಅದನ್ನೇ ದಿಟ್ಟಿಸುತ್ತ ಕಾಲನ್ನು ಮೆತ್ತಗೆ ಮಾಡುತ್ತಿದ್ದೆ. ಹಿಂದೆ ಮೂರು ಮಕ್ಕಳನ್ನು ತುಂಬಿಕೊಂಡ ವ್ಯಾನಿನ ತಾಯಿ ದೀಪ ಮಿನುಗಿಸಿ, ಹಾರನ್ನು ಒತ್ತಿ, ಕೊನೆಗೆ ಕಿಟಕಿಯಿಂದ ಏನೋ ಹೇಳುತ್ತಿದ್ದಳು. ಗಾಜು ಏರಿಸಿಕೊಂಡಿದ್ದರಿಂದ ಕೇಳಿಸುತ್ತಿರಲಿಲ್ಲ.

"ಆ ಸ್ಕ್ರೀನ್ ಬಿಟ್ಟು ರಸ್ತೆ ನೋಡ್ರೀ," ಎನ್ನುವುದು ಮನೆಯವಳ ನಿತ್ಯದ ಪ್ರಾರ್ಥನೆಯಾಯಿತು.

2011ರ ಜುಲೈ 1, ಶುಕ್ರವಾರ. ಸರ್ಕಾರ ಮುಂದೂಡಲಿಲ್ಲ. ಹೇಳಿದ ದಿನವೇ ಹೇಳಿದ ಕೆಲಸ ಮಾಡುವ ಸರ್ಕಾರವನ್ನು ನಾನು ಮೊದಲ ಸಲ ನೋಡಿದ್ದು. ಇನ್ನು ಪ್ರಯೋಜನವಿಲ್ಲದ ಸ್ಟಿಕ್ಕರನ್ನು ಕಿತ್ತುಬಿಡೋಣವೆಂದು ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿ ಮಾಡಿದೆ. ಸ್ಟಿಕ್ಕರ್ ಬಂತು. ಅದರಡಿಯ ಬಣ್ಣ ಬಿಸಿಲೇ ಕಾಣದೆ ಹೊಸದಾಗಿತ್ತು, ಸುತ್ತಲಿನದು ಮಾಸಿತ್ತು. ಹಾಗಾಗಿ ಸ್ಟಿಕ್ಕರ್ ಹೋದರೂ ಅದರ ಆಕಾರ ಹೋಗಲಿಲ್ಲ. ಈತ ಒಂದಾನೊಂದು ಕಾಲದಲ್ಲಿ ಎಡತುದಿಯಲ್ಲಿದ್ದವನು ಎಂದು ನಾಲ್ಕನೇ ಲೇನಿನಲ್ಲಿ ನನ್ನ ಹಿಂದೆ ನಿಂತವರೆಲ್ಲ ಓದಬಹುದಿತ್ತು.

ಆ ವರ್ಷವೇ ಬರ್ಕ್‌ಲಿಯ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದ ಸಂಗತಿಯೊಂದು ನನ್ನ ಗಾಯಕ್ಕೆ ಅರಿಶಿನ ಹಚ್ಚಿತು. ಹೈಬ್ರಿಡ್‌ಗಳನ್ನು ಹೊರಗೆ ಹಾಕಿದ ಮೇಲೆ ಕಾರ್‌ಪೂಲ್ ಲೇನಿನ ವೇಗ ಹೆಚ್ಚಲಿಲ್ಲ, ಇಳಿಯಿತಂತೆ. ನಾವೆಲ್ಲ ಪಕ್ಕದ ಲೇನುಗಳಿಗೆ ಬಂದು ಅವು ಇನ್ನಷ್ಟು ತೆವಳತೊಡಗಿದವು. ಪಕ್ಕದಲ್ಲಿ ಸಾಲು ನಿಂತಿರುವಾಗ ಯಾವನು ಎಲ್ಲಿಂದ ನುಗ್ಗುತ್ತಾನೋ ಎಂದು ಎಡತುದಿಯವರೂ ಹೆದರಿ ನಿಧಾನಿಸುತ್ತಾರೆ. ನಾನು ಈ ಸುದ್ದಿಯನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹೊಸ ವರ್ಷಕ್ಕೆ ಹಸಿರು ಸ್ಟಿಕ್ಕರ್ ಬಂತು, ಗೋಡೆಗೆ ಪ್ಲಗ್ ಚುಚ್ಚಿ ಚಾರ್ಜ್ ಮಾಡುವ ಹೈಬ್ರಿಡ್‌ಗಳಿಗೆ. ನನ್ನ ಕಾರಿಗೆ ಚುಚ್ಚಲು ಏನೂ ಇರಲಿಲ್ಲ. ಚುಚ್ಚುವ ಕೆಲಸವನ್ನು ಮನೆಯವಳು ವಹಿಸಿಕೊಂಡಳು.

ಇಂಥ ಹೊತ್ತಿನಲ್ಲಿ, 2012ರ ವಸಂತದಲ್ಲಿ, ಅತ್ತೆ-ಮಾವ ಆರು ತಿಂಗಳಿಗೆಂದು ಬಂದರು. ವಿಮಾನ ನಿಲ್ದಾಣದಿಂದ ಮನೆಗೆ ಎಡತುದಿಯಲ್ಲೇ ಬಂದೆವು. ಕಾರಿನಲ್ಲಿ ನಾಲ್ವರು! ಕನ್ನಡಿಯಲ್ಲಿ ಮಾವನ ಮುಖ ನೋಡಿದಾಗ ನನಗೆ ಕಂಡಿದ್ದು ಮಾವನಲ್ಲ, ಎರಡನೇ ತಲೆ.

ಮಾವ ಬೆಂಗಳೂರಿನ ಎಜಿ ಆಫೀಸಿನಲ್ಲಿ ಆಡಿಟ್ ಮಾಡಿ ನಿವೃತ್ತರಾದವರು. ದಿನಾ ನನ್ನ ಜೊತೆ ಆಫೀಸಿನ ಕಡೆ ಬರಬೇಕೆಂಬ ವಿಷಯ ಹೇಳಿದಾಗ ಕನ್ನಡಕ ಸರಿಮಾಡಿಕೊಂಡು, "ನಾನು ಅಲ್ಲಿ ಕೆಲಸಕ್ಕೆ ಹೋಗ್ತಾ ಇಲ್ಲವಲ್ಲ ಅಳಿಯಂದಿರೇ, ಅದು ನಿಯಮದ ಪ್ರಕಾರ ಸರಿಯೇ?" ಎಂದರು. ಉಸಿರಾಡುತ್ತಿದ್ದರೆ ಸಾಕು, ಉದ್ಯೋಗ ಕೇಳುವುದಿಲ್ಲ ಎಂದೆ. (ಕಂಪನಿಯ ನೋಂದಣಿ ಕಾಗದಗಳನ್ನು ಪಕ್ಕದ ಸೀಟಿನಲ್ಲಿಟ್ಟು, ಕಾನೂನಿನಲ್ಲಿ ಕಂಪನಿಯೂ ಒಬ್ಬ ವ್ಯಕ್ತಿಯೇ ಎಂದು ವಾದಿಸಿದವನೊಬ್ಬ ಮರಿನ್ ಕೌಂಟಿಯಲ್ಲಿದ್ದ. 2013ರ ಜನವರಿಯಲ್ಲಿ ನ್ಯಾಯಾಲಯ ಅವನ ಮಾತನ್ನು ತಳ್ಳಿಹಾಕಿತು. ಕಾಗದಕ್ಕಿಂತ ಮಾವ ಮೇಲು ಎಂದು ನನಗೆ ಅವನಿಗಿಂತ ಮೊದಲೇ ಹೊಳೆದಿತ್ತು.)

ಹೀಗೆ ಮಾವ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ, ಸ್ವೆಟರು, ಫ್ಲಾಸ್ಕು, ಮೊಸರನ್ನದ ಡಬ್ಬಿ ಸಮೇತ ನನ್ನ ಆಫೀಸಿಗೆ ಹೊರಡತೊಡಗಿದರು. ಸಂಜೆಯೂ ಲೇನು ಬೇಕಲ್ಲ, ಹಾಗಾಗಿ ಮಧ್ಯೆ ಮನೆಗೆ ಬಿಡುವ ಮಾತಿಲ್ಲ. ಅವರನ್ನು ಸನ್ನಿವೇಲಿನ ಪರ್ಷಿಯನ್ ಡ್ರೈವಿನಲ್ಲಿರುವ ಹಿಂದೂ ದೇವಸ್ಥಾನದ ಹತ್ತಿರ ಇಳಿಸಿ ಹೋಗುತ್ತಿದ್ದೆ. ಮುದುಕರಿಗೆ ಹೊತ್ತು ಹೋಗುತ್ತದೋ ಇಲ್ಲವೋ ಎಂಬ ಅಳುಕು ನನಗೆ ಇತ್ತು. ಮಾವನಿಗೆ ಇರಲಿಲ್ಲ.

"ಅಲ್ಲಿ ನಮ್ಮದೇ ಒಂದು ಗುಂಪಿದೆ," ಎಂದರು ಒಂದು ಸಂಜೆ. "ನಾಗಪುರದ ಒಬ್ಬರು, ಗುಂಟೂರಿನ ಇಬ್ಬರು, ಒಬ್ಬರು ಕೆಇಬಿಯವರು. ಎಲ್ಲ ಕಾರ್‌ಪೂಲಿಗೆ ಬಂದೋರೇ."

ಮಕ್ಕಳೂ ಅಳಿಯಂದಿರೂ ಬೆಳಿಗ್ಗೆ ಇಳಿಸಿ ಸಂಜೆ ಎತ್ತಿಕೊಂಡು ಹೋಗುವ ಹಿರಿಯರು ಅಲ್ಲಿ ಸೇರಿ, ಯಾವ ಕಾರಿನಲ್ಲಿ ಸೀಟು ಬಿಸಿಯಾಗುತ್ತದೆ, ಯಾರ ಮಗ ಮಧ್ಯಾಹ್ನ ದೋಸೆಗೆ ಕರೆದೊಯ್ಯುತ್ತಾನೆ ಎಂದು ತುಲನೆ ಮಾಡುತ್ತಿದ್ದರಂತೆ. ನಮ್ಮ ಕಾರಿನ ಬಗ್ಗೆ ಏನು ಹೇಳಿದರೋ, ನಾನು ಕೇಳಲಿಲ್ಲ.

ಆ ಮಾರ್ಚಿನಲ್ಲಷ್ಟೇ 880ರಿಂದ 237ಕ್ಕೆ ತಿರುಗುವ ಕಡೆ ಕಾರ್‌ಪೂಲ್ ಲೇನನ್ನು ಎಕ್ಸ್‌ಪ್ರೆಸ್ ಲೇನ್ ಮಾಡಿದ್ದರು. ಆಗ ಅಲ್ಲಿ ಇಬ್ಬರಿದ್ದರೆ ಬಿಟ್ಟಿ, ಒಬ್ಬರಿದ್ದರೆ ಟೋಲು ಎಂದಿತ್ತು. ಟ್ರಾಫಿಕ್ ಹೆಚ್ಚಿದಂತೆ ಟೋಲೂ ಏರುತ್ತದೆ. ಗಾಜಿಗೆ ಅಂಟಿಸಿದ ಫಾಸ್ಟ್ರ್ಯಾಕ್ ಟ್ಯಾಗ್ ತಾನಾಗಿ ಹಣ ಕಟ್ಟುತ್ತದೆ. ಕಾರಿನಲ್ಲಿ ಎಷ್ಟು ಜನರಿದ್ದಾರೆಂದು ಆಗಿನ ಟ್ಯಾಗಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಇಬ್ಬರಿರುವಾಗ ಅದನ್ನು ಕಿತ್ತು, ಅದರ ಜೊತೆಗೇ ಕೊಟ್ಟ ಬೆಳ್ಳಿ ಬಣ್ಣದ ಮೈಲಾರ್ ಚೀಲದೊಳಗೆ ಹಾಕಿಡಬೇಕಿತ್ತು. ಗ್ರಹಣದ ಹೊತ್ತಿಗೆ ದೇವರನ್ನು ಮುಚ್ಚಿಟ್ಟ ಹಾಗೆ ಈ ಕೆಲಸವನ್ನು ಮಾವ ಶ್ರದ್ಧೆಯಿಂದ ಮಾಡುತ್ತಿದ್ದರು. ಎರಡನೇ ವಾರದಲ್ಲೋ ಏನೋ, ಚೀಲ ಕಾಣೆಯಾಯಿತು. ಅತ್ತೆ ಕಾರು ಗುಡಿಸುವಾಗ ಸಿಕ್ಕಿದ ಆ ಚೀಲ ಬಲು ಗಟ್ಟಿಯಾಗಿದೆಯೆಂದು ಹುರಿಗಡಲೆ ತುಂಬಿಟ್ಟಿದ್ದರು. ನಾವು ಟ್ಯಾಗನ್ನು ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದೆವು. ಸರಿಯಾಗಿ ಸುತ್ತಿದೆಯೋ ಎಂದು ಮಾವ ದಾರಿಯಲ್ಲಿ ಬಿಚ್ಚಿ ನೋಡುತ್ತಿದ್ದರು. ಬಿಚ್ಚುವ ಜಾಗ ಪ್ರತಿ ಸಲ ಟೋಲಿನ ಕಂಬದ ಕೆಳಗೇ ಬರುತ್ತಿತ್ತು.

ತಿಂಗಳ ಲೆಕ್ಕ ಬಂದಾಗ ಮಾವ ಕೆಂಪು ಪೆನ್ನು ಕೇಳಿದರು. ಇಬ್ಬರು ಪ್ರಯಾಣಿಸಿಯೂ ಒಬ್ಬರ ಟೋಲು ಕಟ್ಟಲಾಗಿದೆ. ಪೆಟ್ರೋಲಿನ ಖರ್ಚು ಮೊದಲಿಗಿಂತ ಹೆಚ್ಚಿದೆ, ವೇಗ ಹೆಚ್ಚಿದ್ದರಿಂದ. ದೇವಸ್ಥಾನದ ಸುತ್ತು ಹಾಕುವುದರಲ್ಲಿ ಲೇನಿನಲ್ಲಿ ಉಳಿದ ಸಮಯ ಬಹುಪಾಲು ಕಳೆದಿದೆ. ಇಷ್ಟನ್ನೂ ಬರೆದು ಕೆಳಗೆ ಗೆರೆ ಎಳೆದು, "ಈ ವೆಚ್ಚಕ್ಕೆ ಮಂಜೂರಾತಿ ಕೊಟ್ಟವರು ಯಾರು?" ಎಂದು ಮಗಳ ಮುಖ ನೋಡಿದರು. ಆಕೆ ನನ್ನ ಕಡೆ ಬೆರಳು ತೋರಿಸಿದಳು.

ಆಡಿಟ್ಟಿನ ಮರುವಾರ ಪೊಲೀಸು ಪ್ರಕರಣ. ಅಂದು ಮಾವ ಸೀಟನ್ನು ಹಿಂದಕ್ಕೆ ಚಾಚಿ ನಿದ್ದೆ ಹೋಗಿದ್ದರು. ಕನ್ನಡಿಯಲ್ಲಿ ಹೈವೇ ಪಟ್ರೋಲ್ ಪೊಲೀಸರ ಮೋಟಾರ್‌ಸೈಕಲ್ ಕಾಣಿಸಿತು. ನಾನು ಅಪ್ಪಟ ಕಾನೂನುಬದ್ಧನಾಗಿದ್ದೆ. ಪಕ್ಕದಲ್ಲಿ ಎರಡನೇ ತಲೆ ಗೊರಕೆಯನ್ನೇ ಹೊಡೆಯುತ್ತಿತ್ತು. ಆದರೂ ಪೊಲೀಸರನ್ನು ಕಂಡರೆ ಮೊದಲು ಗಾಡಿ ತಿರುಗಿಸು, ಆಮೇಲೆ ಹೆಲ್ಮೆಟ್ ಇದೆಯೋ ನೋಡಿಕೋ ಎಂದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಲಿತ ಕೈಗಳು ಮಾತು ಕೇಳಲಿಲ್ಲ. ದಾಟಬಾರದ ಜೋಡಿ ಬಿಳಿ ಗೆರೆ ದಾಟಿ ಬಲಕ್ಕೆ ಹಾರಿದೆ. ದೀಪ ಮಿನುಗಿತು.

ಅಧಿಕಾರಿ ಬಂದು ಕಿಟಕಿಯಲ್ಲಿ ಬಗ್ಗಿದ. ಒಬ್ಬನೇ ಕಾರ್‌ಪೂಲ್ ಲೇನಿನಲ್ಲಿ ಬಂದು, ನನ್ನನ್ನು ಕಂಡು ಓಡಿದೆಯಾ ಎಂಬುದು ಪ್ರಶ್ನೆ. ಅಷ್ಟರಲ್ಲಿ ಪಕ್ಕದಿಂದ ಮಾವ ಎದ್ದರು. ಆತ ಒಂದು ಹೆಜ್ಜೆ ಹಿಂದೆ ಸರಿದ. ಮಾವ ಇಂಗ್ಲಿಷಿನಲ್ಲಿ ನಿಧಾನವಾಗಿ, ತಾನು ನಿವೃತ್ತ ಸರ್ಕಾರಿ ನೌಕರನೆಂದೂ, ತನಗೆ ಆ ಕಡೆ ಯಾವ ಕೆಲಸವೂ ಇಲ್ಲವೆಂದೂ, ಈ ಲೇನಿಗಾಗಿ ಮಾತ್ರ ತನ್ನನ್ನು ದಿನವೂ ತರಲಾಗುತ್ತಿದೆಯೆಂದೂ ಹೇಳಿಕೆ ಕೊಟ್ಟರು. ಸಾಕ್ಷಿಗೆ ಪಾಸ್‌ಪೋರ್ಟು, ಪಿಂಚಣಿ ಕಾರ್ಡು, ಮೊಸರನ್ನದ ಡಬ್ಬಿ. ಅಧಿಕಾರಿ ಬಹಳ ಹೊತ್ತು ನಕ್ಕ. ಕಾರ್‌ಪೂಲ್ ತಪ್ಪಿಲ್ಲ ಎಂದ. ಗೆರೆ ದಾಟಿದ್ದಕ್ಕೆ ಟಿಕೆಟ್ ಬರೆದ. ಹೋಗುವ ಮುನ್ನ ಮಾವನ ಕೈ ಕುಲುಕಿದ; ನನ್ನದನ್ನಲ್ಲ.

"ಸತ್ಯ ಹೇಳಿದ್ದಕ್ಕೆ ಅರ್ಧ ಮಾಫಿ ಆಯ್ತು ನೋಡಿ," ಎಂದರು ಮಾವ.

ಮರುದಿನ ಮಾವ ನನ್ನೊಂದಿಗೆ ಹೊರಡಲಿಲ್ಲ. ಪಕ್ಕದ ಮನೆಯ ತೆಲುಗಿನವರೂ ಸನ್ನಿವೇಲಿಗೇ ಹೋಗುವವರು. ಮಾವನಿಗೆ ಎಜಿ ಆಫೀಸಿನ ಕಾಲದಿಂದ ತೆಲುಗು ಚೆನ್ನಾಗಿ ಬರುತ್ತದೆ. ಅವರದು ಏಳು ಸೀಟಿನ, ಎಂಟು ಸಿಲಿಂಡರಿನ ಎಸ್‌ಯುವಿ. ಸೀಟು ಬಿಸಿಯಾಗುತ್ತದೆ, ಘಂಟಸಾಲನ ಹಾಡು ಬರುತ್ತದೆ, ಶುಕ್ರವಾರ ದೋಸೆ. "ಬೇಸರ ಮಾಡ್ಕೋಬೇಡಿ ಅಳಿಯಂದಿರೇ, ಅವರ ದಾರೀಲೇ ದೇವಸ್ಥಾನ," ಎಂದರು. ಕಾನೂನು ತಲೆ ಎಣಿಸುತ್ತದೆ, ಪೆಟ್ರೋಲು ಎಣಿಸುವುದಿಲ್ಲ. ನನ್ನ ಕಾರಿಗಿಂತ ಮೂರು ಪಟ್ಟು ಕುಡಿಯುವ ಆ ಗಾಡಿ ಇಬ್ಬರನ್ನು ಕೂರಿಸಿಕೊಂಡು ಧರ್ಮವಾಗಿ ಎಡಕ್ಕೆ ಹೋಯಿತು. ಪೆಟ್ರೋಲು ಉಳಿಸುವ ನಾನು ನಾಲ್ಕನೇ ಲೇನಿನಲ್ಲಿ ಬ್ರೇಕು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬ್ಯಾಟರಿ ತುಂಬಿಸುತ್ತಿದ್ದೆ. ಮಿಲ್ಪಿಟಾಸ್ ಹತ್ತಿರ ಬರುವಾಗ ಗ್ಯಾಲನ್ನಿಗೆ 52 ಮೈಲಿ, ಜನ್ಮದಲ್ಲೇ ಬಾರದಿದ್ದ ಅಂಕಿ ಬಂತು.

ಸಂಜೆ ಇದನ್ನು ಮಾವನಿಗೆ ಹೇಳಿದೆ. ಅವರು ಆಗಲೇ ಮನೆಗೆ ಬಂದು, ಸ್ನಾನ ಮಾಡಿ, ಕಾಫಿ ಕುಡಿದು, ಅದೇ ಹುರಿಗಡಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಗೊತ್ತು," ಎಂದರು. "ನಿಮ್ಮ ಪಕ್ಕದಲ್ಲೇ ಹೋದ್ವಿ. ಕೈ ಬೀಸಿದೆ, ಕೂಗಿದೆ. ನೀವು ಸ್ಕ್ರೀನ್ ನೋಡ್ತಾ ಇದ್ರಿ."