ಪೊಟ್ಟಣಾವಶೇಷ ಮೀಮಾಂಸೆ

ಪ್ರಸ್ತುತ ಪ್ರಬಂಧವು ದುಬೈ ಇಂಟರ್ನೆಟ್ ಸಿಟಿಯ ಗಣಕಗಳ ಉದರದಲ್ಲಿ ಸಂಚಯಗೊಳ್ಳುವ ತಂತ್ರಾಂಶ ಪೊಟ್ಟಣಗಳ ವಿಸರ್ಜನೆಯನ್ನು ಸಮಗ್ರ, ಸಮಷ್ಟಿ ಹಾಗೂ ಸಮನ್ವಯಾತ್ಮಕ ದೃಷ್ಟಿಗಳಿಂದ ಅನುಶೀಲಿಸುತ್ತದೆ. ಮೂರೂ ಒಂದೇ ತಾನೆ ಎಂದು ಕೇಳಬಾರದು; ಸಲಹೆಗಾರರು ಮೂರಕ್ಕೂ ಪ್ರತ್ಯೇಕ ಬಿಲ್ ಹಾಕುತ್ತಾರೆ, ಮೇಲೆ ಶೇಕಡಾ 5 ವ್ಯಾಟ್.

ಅವಶೇಷೋತ್ಪತ್ತಿ ಪ್ರಕರಣ. ಉಬುಂಟುವಿನಲ್ಲಿ ಆಪ್ಟ್-ಗೆಟ್ ಇಳಿಸಿಕೊಂಡ ಡೆಬ್ ಕಡತಗಳು, ಅನುಸ್ಥಾಪನೆ ಮುಗಿದರೂ, ವಾರ್-ಕ್ಯಾಶ್-ಆಪ್ಟ್-ಆರ್ಕೈವ್ಸ್ ಎಂಬ ಗರ್ಭಗೃಹ ಬಿಟ್ಟು ಕದಲುವುದಿಲ್ಲ. ನಿವಾರಣೋಪಾಯ ಪಂಚವಿಧ. ಮೊದಲನೆಯದು ಸರ್ವಸಂಹಾರ: 'ಕ್ಲೀನ್' ಎಂದರೆ ಬೀಗದ ಕಡತವೊಂದನ್ನು ಬಿಟ್ಟು ಎಲ್ಲ ಮಾಯ. ಎರಡನೆಯದು ವಿವೇಕಸಂಹಾರ: 'ಆಟೊಕ್ಲೀನ್' ಭಂಡಾರದಲ್ಲಿ ಮತ್ತೆ ಸಿಗದ ಹಳೆಯ ಆವೃತ್ತಿಗಳನ್ನಷ್ಟೇ ಅಳಿಸುತ್ತದೆ. (ಸಿಗುವುದನ್ನು ಇಟ್ಟುಕೊಂಡು ಸಿಗದ್ದನ್ನು ಎಸೆಯುವ ಈ ವಿವೇಕ ನಮ್ಮ ಅಜ್ಜಿಯರಿಗೆ ತಿಳಿಯುತ್ತಿರಲಿಲ್ಲ.) ಮೂರನೆಯದು 'ಆಟೊರಿಮೂವ್', ಅದಕ್ಕೆ ಆಮೇಲೆ ಬರುತ್ತೇನೆ. ನಾಲ್ಕನೆಯದು, ಐದನೆಯದು ಸಲಹೆಗಾರರ ವರದಿಯ ತೂಕಕ್ಕೆ ಬೇಕಿದ್ದವು, ಬಿಟ್ಟಿದ್ದೇನೆ.

ಪೂರ್ವಪಕ್ಷ: ಕ್ಲೀನ್ ಮಾಡಿದ ಮೇಲೂ ಡಿಸ್ಕಿನಲ್ಲಿ ಜಾಗವಿಲ್ಲವೆಂಬ ದೂರು, ಏಕೆ? ಸಿದ್ಧಾಂತ: ಹಳೆಯ ಕರ್ನಲ್‌ಗಳಿರುವುದು ಬೂಟ್ ವಿಭಾಗದಲ್ಲಿ, ಅಲ್ಲಿಗೆ ಕ್ಲೀನ್ ಕಾಲಿಡುವುದಿಲ್ಲ. ಅಥವಾ ಜಾಗವಿದ್ದೂ, ಕಡತಕ್ಕೊಂದು ಬೇಕಾದ ಐನೋಡ್ ಎಂಬ ನಮೂದು ತೀರಿದೆ. ಕರ್ನಲ್ ಹೆಡರ್‌ಗಳ ಸಾವಿರಾರು ಚಿಲ್ಲರೆ ಕಡತಗಳು ಅದನ್ನು ನುಂಗಿವೆ. ಅಥವಾ ಅಳಿಸಿದ ಲಾಗ್ ಕಡತವನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದು ಹಿಡಿದಿದೆ. ಅದು ಕೈಬಿಡುವವರೆಗೆ ಜಾಗ ಮರಳದು. ವೈಶೇಷಿಕರು ಅಭಾವವನ್ನೂ ಪದಾರ್ಥವೆಂದು ಎಣಿಸಿದ್ದು ಸುಮ್ಮನೆ ಅಲ್ಲ: ಇಲ್ಲದ ಕಡತ 40 ಜಿಬಿ ತಿನ್ನುತ್ತದೆ.

ಆ ಇಲ್ಲದ ಕಡತವನ್ನು ಕಂಡುಹಿಡಿದವನು ರಾತ್ರಿ ಪಾಳಿಯ ಪುತ್ತೂರಿನ ಹುಡುಗ. ಅಲ್ ನಹ್ದಾದ ಒಂದು ಕೋಣೆಯ ಮನೆಯಲ್ಲಿ ಹೆಂಡತಿ, ಮಗು. ಸಲಹೆಗಾರರ ವರದಿಯಲ್ಲಿ ಅವನ ಕೆಲಸಕ್ಕೆ 'ಸಂಗ್ರಹಣಾ ಪ್ರೌಢಿಮೆಯ ಪರಿವರ್ತನಾ ಯಾತ್ರೆ' ಎಂದು ಹೆಸರು. ಯಾವ ಯಾತ್ರೆ ಮಾರಾಯ್ರೆ? ರಾತ್ರಿ ಎರಡು ಗಂಟೆಗೆ ಕೂತು ಅವನು ಮೂರು ಆಜ್ಞೆ ಟೈಪ್ ಮಾಡಿದ. ಬೆಳಿಗ್ಗೆ ಬಂದ ನೀವು ಬಾಣದ ಗುರುತುಗಳ ಚಿತ್ರ ಬರೆದಿರಿ.

ಆಟೊರಿಮೂವ್. ಇನ್ನೊಂದರ ಆಸರೆಗೆಂದು ಬಂದ ಪೊಟ್ಟಣ, ಆ ಇನ್ನೊಂದು ಹೋದ ಮೇಲೆ 'ಇನ್ನು ಬೇಕಿಲ್ಲ' ಎಂಬ ಪಟ್ಟಿಗೆ ಸೇರುತ್ತದೆ. ವರದಿಯ ಕೊನೆಯ ಪುಟದಲ್ಲಿ ರಾತ್ರಿ ಪಾಳಿಯೇ ಆ ಪಟ್ಟಿಯಲ್ಲಿತ್ತು. ಮನುಷ್ಯರಿಗೆ ಕ್ರಮ ತಿರುವುಮುರುವು: ಸಾಮಾನ್ಯವಾಗಿ ದುಡಿಯುವವನ ವೀಸಾ ರದ್ದಾಗುವ ಮೊದಲು ಅವನ ಹೆಸರಿನಲ್ಲಿರುವ ಹೆಂಡತಿ ಮಕ್ಕಳದ್ದು ರದ್ದಾಗಬೇಕು. ಯಂತ್ರವಾದರೂ ಅಳಿಸುವ ಮುನ್ನ ಪಟ್ಟಿ ತೋರಿಸಿ, ಹೌದೋ ಅಲ್ಲವೋ ಎಂದು ಕೇಳುತ್ತದೆ. 'ಆಪ್ಟ್-ಮಾರ್ಕ್ ಮ್ಯಾನ್ಯುವಲ್' ಎಂದು ಒಂದು ಸಾಲು ಬರೆದರೆ ಬೇಕಾದ ಪೊಟ್ಟಣ ಉಳಿಯುತ್ತದೆ. ನಮಗೆ ಅಂಥದ್ದು ಗೋಲ್ಡನ್ ವೀಸಾ. ನೌಕರಿಯ ದಾರಿಯಲ್ಲಿ ಅದಕ್ಕೆ ತಿಂಗಳಿಗೆ 30,000 ದಿರ್ಹಮ್ ಸಂಬಳ ಬೇಕು. ಆ ಹುಡುಗನದು 6,500.

ಮೊನ್ನೆ ಡಿಸ್ಕ್ ಮತ್ತೆ ತುಂಬಿತು. ಯಾತ್ರೆಯ ಎರಡನೇ ಹಂತಕ್ಕೆ ಕೊಟೇಶನ್ ಬಂದಿದೆ. ಐನೋಡ್ ಯಾರೋ ಸಿಬ್ಬಂದಿಯ ಹೆಸರೆಂದು ತಿಳಿದು, ಮೊದಲ ಸಭೆಗೆ ಆತನೂ ಹಾಜರಿರಬೇಕೆಂದು ಸೂಚಿಸಲಾಗಿದೆ.