ಮಾವನ ಎಡ ಹೆಗಲು

ನನಗೊಂದು ಕಾಯಿಲೆ ಇದೆ. ಎದುರಿಗೆ ಕೂತವರು ಕೆಮ್ಮಿದರೆ ನನ್ನ ಗಂಟಲು ಕೆರೆಯುತ್ತದೆ. ಮೂಗಿನಲ್ಲಿ ಮಾತಾಡುವವರ ಜೊತೆ ಹತ್ತು ನಿಮಿಷ ಕಳೆದರೆ ನನ್ನ ಮೂಗೂ ಕಟ್ಟಿಕೊಳ್ಳುತ್ತದೆ. ಒಮ್ಮೆ ಮಂಗಳೂರಿನಲ್ಲಿ ಆಟೋ ಹತ್ತಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ "ಎಂಥ ಸೆಕೆ ಮಾರಾಯ್ರೆ" ಅಂದುಬಿಟ್ಟೆ. ಆಟೋದವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಆಮೇಲೆ ಮೀಟರು ನೋಡಿಕೊಂಡರು. ಬೇಕೆಂದು ಮಾಡುವುದಲ್ಲ, ಬಾಯಿ ನನ್ನ ಮಾತು ಕೇಳುವುದಿಲ್ಲ. ಹುಟ್ಟಿದ್ದು ಧಾರವಾಡದ ಕಡೆ, ಅನ್ನದ ಋಣ ಬೆಂಗಳೂರಿನದು. ವರ್ಷಕ್ಕೊಮ್ಮೆ ಊರಿಗೆ ಹೋದರೆ ಅವ್ವ ನನ್ನ ಎರಡು ಮಾತು ಕೇಳಿ, "ಈ ಸಲ ಯಾರ ಪೈಕಿ ಆಗಿ ಬಂದೀಪಾ?" ಅನ್ನುತ್ತಾಳೆ.

ಇಂಥವನಿಗೆ ಕೋಡಿಹಳ್ಳಿಯ ಹುಡುಗಿ ಗಂಟುಬಿದ್ದಳು. ಆಫೀಸಿನಲ್ಲಿ ಹೇಳಿದರೆ "ಓಹೋ, ಓಲ್ಡ್ ಏರ್‌ಪೋರ್ಟ್ ರೋಡಲ್ಲಿ ಮಾವನ ಮನೆ!" ಎಂದು ಹೊಟ್ಟೆ ಉರಿದುಕೊಂಡರು. ಅದಲ್ಲ ಎಂದಾಗ "ಹಾಗಾದರೆ ಹಿರಿಯೂರಿನದಾ?" ಎಂದರು. ಕರ್ನಾಟಕದಲ್ಲಿ ಕೆರೆ ಇದ್ದಲ್ಲೆಲ್ಲ ಒಂದು ಕೋಡಿ, ಕೋಡಿ ಇದ್ದಲ್ಲೆಲ್ಲ ಒಂದು ಹಳ್ಳಿ, ಏನು ಮಾಡುವುದು? ನನ್ನದು ಕನಕಪುರ ದಾಟಿ ಇನ್ನೂ ಮುಂದಿರುವ ಕೋಡಿಹಳ್ಳಿ. ರಾಗಿ, ರೇಷ್ಮೆ, ಆನೆ ಈ ಮೂರರ ನಡುವೆ ಬದುಕುವ ಸೀಮೆ. (ಶೋಲೆಯ ವಿಷಯ ನಾನು ಎತ್ತುವುದಿಲ್ಲ. ರಾಮನಗರದ ಕಡೆಯ ಬಗ್ಗೆ ಬರೆಯುವವರೆಲ್ಲ ಹಿಂದಿನವರನ್ನು ನೋಡಿ ಅದನ್ನೇ ಎತ್ತುತ್ತಾರೆ.)

ಮೊದಲ ಊಟ ಡಿಸೆಂಬರಿನಲ್ಲಿ, ಅವರೆಕಾಯಿಯ ಕಾಲದಲ್ಲಿ. ಹೊರಡುವ ಮೊದಲೇ ಹೆಂಡತಿ ಎಚ್ಚರಿಸಿದ್ದಳು: "ಮುದ್ದೆ ಇರುತ್ತೆ. ಅಗಿಯಬಾರದು, ನುಂಗಬೇಕು. ಗೊತ್ತಾಗದಿದ್ದರೆ ಅಪ್ಪನ್ನ ನೋಡು, ಅವರು ಮಾಡಿದ ಹಾಗೇ ಮಾಡು."

ಇಷ್ಟೇ ಹೇಳಿದ್ದು. ಇಂಥ ಮಾತನ್ನು ನನ್ನಂಥವನಿಗೆ ಹೇಳಬಾರದಿತ್ತು.

ನಮ್ಮ ಕಡೆ ಊಟಕ್ಕೊಂದು ಸದ್ದಿದೆ. ಖಡಕ್ ರೊಟ್ಟಿ ಮುರಿದರೆ ಪಕ್ಕದ ಮನೆಗೆ ಗೊತ್ತಾಗುತ್ತದೆ, ಅಗಿದರೆ ಓಣಿಗೇ ಗೊತ್ತಾಗುತ್ತದೆ. ಮೂವತ್ತು ವರ್ಷ ಹಲ್ಲಿನಿಂದಲೇ ಉಂಡವನು ಕೋಡಿಹಳ್ಳಿಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ. ಎದುರಿಗೆ ಮಾವ. ಗಂಗಳ ಬಂತು. ಅದರಲ್ಲಿ ಮುದ್ದೆ, ಎಣ್ಣೆ ಹಚ್ಚಿದ ಬೋಳುತಲೆಯ ಹಾಗೆ ಹೊಳೆಯುತ್ತ, ಆವಿ ಬಿಡುತ್ತ. ಅತ್ತೆ ನೆತ್ತಿಯ ಮೇಲೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ ತುಪ್ಪ ಬಿಟ್ಟಿದ್ದರು. ಸುತ್ತ ಹಿತ್ಕವರೆಯ ಸಾರು, ಅದರ ಸೊಗಡಿಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆದರೆ ನಾನು ಮುಚ್ಚಲಿಲ್ಲ, ಮಾವನನ್ನು ನೋಡಬೇಕಿತ್ತಲ್ಲ.

ಮಾವ ಬೆರಳ ತುದಿಯನ್ನು ಸಾರಿಗೆ ಮುಟ್ಟಿಸಿದರು. ಮುದ್ದೆಯ ಅಂಚಿನಿಂದ ನೆಲ್ಲಿಕಾಯಿ ಗಾತ್ರ ಚಿವುಟಿದರು. ಅಂಗೈಗೆ ತಾಗಿಸದೆ ಬೆರಳಲ್ಲೇ ಉರುಳಿಸಿ, ಸಾರಿನಲ್ಲಿ ಹೊರಳಿಸಿ, ಎತ್ತಿ ಅಲ್ಲಿಗೇ ನಿಲ್ಲಿಸಿದರು. ಎಡ ಹೆಗಲು ನಿಧಾನಕ್ಕೆ ಕಿವಿಯ ತನಕ ಏರಿತು. ತಲೆ ಮೇಲಾಯಿತು. ಸೂರಿನ ಜಂತೆಗಳನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು. ಹೆಗಲು ಇಳಿಯಿತು. ತುತ್ತು ಬಾಯಿಗೆ ಹೋಯಿತು. ಗುಳುಂ. ಕೊನೆಗೊಂದು "ಹ್ಞಾ".

ನನ್ನ ತಲೆ ಲೆಕ್ಕಕ್ಕಿಳಿಯಿತು. ಹೆಗಲು ಎತ್ತಿದರೆ ಅನ್ನನಾಳ ಅಗಲವಾಗುತ್ತಿರಬೇಕು. ತಲೆ ಮೇಲೆ ಮಾಡಿದರೆ ಕೊಳವೆ ನೇರವಾಗುತ್ತದೆ, ಯಾವ ಪ್ಲಂಬರ್ ಬೇಕಾದರೂ ಒಪ್ಪುತ್ತಾನೆ. ಜಂತೆ ನೋಡುವುದು ಮನೆದೇವರಿಗೆ ಒಪ್ಪಿಸುವ ಕ್ರಮವಿದ್ದೀತು. "ಹ್ಞಾ" ಅನ್ನುವುದು ಮೇಲಿನಿಂದ ಗಾಳಿ ಬಿಟ್ಟು ತುತ್ತನ್ನು ಕೆಳಕ್ಕೆ ತಳ್ಳುವುದಕ್ಕೆ. ಸಾವಿರ ವರ್ಷದ ರಾಗಿ ಸಂಸ್ಕೃತಿ ಕಣ್ಣೆದುರೇ ಇದೆ ಎಂದು ಪುಳಕವಾಯಿತು. ನಾನೂ ಚಿವುಟಿದೆ, ಉರುಳಿಸಿದೆ, ಹೆಗಲೆತ್ತಿದೆ, ಜಂತೆ ನೋಡಿದೆ, ನುಂಗಿದೆ.

ಮುದ್ದೆ ಎದೆಯ ನಡುವೆ ಎಲ್ಲೋ ನಿಂತು, ಇಳಿಯುವುದೋ ಬೇಡವೋ ಎಂದು ಯೋಚಿಸತೊಡಗಿತು. ಕಣ್ಣಲ್ಲಿ ನೀರು. ಆದರೂ "ಹ್ಞಾ" ಅಂದೆ. ಎರಡನೆಯದಕ್ಕೆ ಹೆಗಲು ಇನ್ನೂ ಎತ್ತರ ಏರಿಸಿದೆ. ಐದನೆಯ ತುತ್ತಿಗೆ ಲಯ ಸಿಕ್ಕಿತು. ಎಂಟನೆಯದಕ್ಕೆ ಮಾವನೂ ನಾನೂ ಪೂಜಾ ಕುಣಿತದ ಜೋಡಿಯ ಹಾಗೆ ಒಟ್ಟಿಗೆ ಏರಿ, ಒಟ್ಟಿಗೆ ಜಂತೆ ನೋಡಿ, ಒಟ್ಟಿಗೆ ಇಳಿಯುತ್ತಿದ್ದೆವು. ಅತ್ತೆ ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಹೈಕ್ಳ ಗುಂಪೊಂದು ಕಂಬದ ಹಿಂದೆ ಬಾಯಿಗೆ ಕೈ ಒತ್ತಿಕೊಂಡಿತ್ತು. ಮಾವನಿಗೆ ಅನುಮಾನ ಬಂತು. ಪರೀಕ್ಷೆಗೆಂದು ತುತ್ತಿಲ್ಲದೆಯೇ ಒಮ್ಮೆ ಹೆಗಲೆತ್ತಿದರು. ನಾನೂ ತುತ್ತಿಲ್ಲದೆ ಎತ್ತಿದೆ. ಕಿವಿ ಕೆರೆದುಕೊಂಡರು. ಇದು ಹೊಸ ಹಂತವಿರಬೇಕೆಂದು ನಾನೂ ಕೆರೆದುಕೊಂಡೆ.

ಮಾವ ಕೈಯಲ್ಲಿದ್ದ ತುತ್ತನ್ನು ಗಂಗಳದಲ್ಲಿ ಇಟ್ಟರು. "ಅಳಿಯಂದ್ರು ಅಣಕಿಸ್ತಾವ್ರೆ," ಎಂದು ಅತ್ತೆಗೆ ಹೇಳಿ, ಅರ್ಧ ಮುದ್ದೆ ಬಿಟ್ಟು ಎದ್ದು ಹೋದರು.

ರಾಗಿ ಬೆಳೆದವರು ಗಂಗಳದಲ್ಲಿ ಮುದ್ದೆ ಬಿಟ್ಟು ಏಳುವುದು ಸಣ್ಣ ವಿಷಯವಲ್ಲ. ಮನೆಯೆಲ್ಲ ಮೌನ. ಆಮೇಲೆ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ನನಗೆ ತಿಳಿದದ್ದಿಷ್ಟು. ಇಪ್ಪತ್ತು ವರ್ಷದ ಹಿಂದೆ ಮಾವ ಹುಣಸೆಮರದಿಂದ ಬಿದ್ದು ಎಡ ಹೆಗಲು ಜಾರಿತ್ತು, ಆಗಾಗ ಎತ್ತಿ ಕೂರಿಸಿಕೊಳ್ಳದಿದ್ದರೆ ಹಿಡಿಯುತ್ತದೆ. ಇನ್ನೊಮ್ಮೆ ಉಣ್ಣುವಾಗ ಜಂತೆಯಿಂದ ಹಲ್ಲಿಯೊಂದು ಸಾರಿಗೆ ಬಿದ್ದಿತ್ತು, ಅಂದಿನಿಂದ ನೋಡದೆ ತುತ್ತೆತ್ತುವವರಲ್ಲ. ಮುದ್ದೆಗೂ ಇವೆರಡಕ್ಕೂ ಸಂಬಂಧವೇ ಇರಲಿಲ್ಲ. ಅತ್ತೆ ಮಾತ್ರ ನನ್ನ ಬಗ್ಗೆ ಕೆಟ್ಟದ್ದು ಯೋಚಿಸಲಿಲ್ಲ. "ಪಾಪ, ಇವ್ರಿಗೂ ಹೆಗಲು ನೋವು," ಎಂದು ನೀಲಗಿರಿ ಎಣ್ಣೆಯ ಶೀಸೆ ತಂದಿಟ್ಟರು. ಹಚ್ಚಿಕೊಂಡೆ. ಬೇರೆ ದಾರಿ ಇರಲಿಲ್ಲ.

ಆ ರಾತ್ರಿಯ ಮೇಲೆ ಅನುಕರಣೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ, ವಕೀಲನನ್ನು ಹುಡುಕುವ ಅಪರಾಧಿಯ ಹಾಗೆ. ಕೆನಡಾದ ಹಳ್ಳಿಯೊಂದರಲ್ಲಿ ಹುಟ್ಟಿದ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ 72 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಐದಡಿಯ ಗಾಳಿಗೊಂಬೆ, ಹೊಡೆದರೆ ಬಿದ್ದು ಮತ್ತೆ ಏಳುವಂಥದ್ದು. ಕೆಲವು ಮಕ್ಕಳ ಮುಂದೆ ದೊಡ್ಡವರೊಬ್ಬರು ಅದಕ್ಕೆ ಸುತ್ತಿಗೆಯಲ್ಲಿ ಬಡಿದು, ಒದ್ದು, ಮೇಲೆ ಕೂತು ಮೂಗಿಗೆ ಗುದ್ದಿದರು. ಆಮೇಲೆ ಗೊಂಬೆಯ ಜೊತೆ ಬಿಟ್ಟರೆ ಆ ಮಕ್ಕಳೂ ಅದೇ ವರಸೆ ತೆಗೆದರು, ಬೈಗುಳದ ಸಮೇತ. ನಮ್ಮ ಚನ್ನಪಟ್ಟಣದ ಗೊಂಬೆ ಇಟ್ಟಿದ್ದರೆ ಈ ಸಿದ್ಧಾಂತ ಹುಟ್ಟುತ್ತಿರಲಿಲ್ಲ. ಮರದ ಗೊಂಬೆಗೆ ಗುದ್ದಿದ ದೊಡ್ಡವರೇ ಕೈ ಊದಿಕೊಳ್ಳುತ್ತ ಕೂತಿರುತ್ತಿದ್ದರು.

ನನ್ನ ಮಾನ ಪೂರ್ತಿ ಕಳೆದದ್ದು ಇನ್ನೊಂದು ಪ್ರಯೋಗ. 2005ರಲ್ಲಿ ಪ್ರಕಟವಾದದ್ದು. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಎಂಬಿಬ್ಬರು ಒಂದು ಡಬ್ಬಿಯಿಂದ ಬಹುಮಾನ ತೆಗೆಯುವುದನ್ನು ಉಗಾಂಡಾದ ಚಿಂಪಾಂಜಿಗಳಿಗೂ ಸ್ಕಾಟ್ಲೆಂಡಿನ ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು. ಮೊದಲು ಮೇಲಿನ ತೂತಿಗೆ ಕಡ್ಡಿ ಹಾಕಿ ಕುಟ್ಟಬೇಕು, ಅದರಿಂದ ಯಾವ ಉಪಯೋಗವೂ ಇಲ್ಲ. ಆಮೇಲೆ ಮುಂದಿನ ಬಾಗಿಲಿನಿಂದ ಬಹುಮಾನ. ಡಬ್ಬಿಯೊಳಗೆ ಕಾಣದಿದ್ದಾಗ ಚಿಂಪಾಂಜಿಗಳೂ ಮಕ್ಕಳೂ ಎಲ್ಲವನ್ನೂ ಮಾಡಿದರು. ಒಳಗೆಲ್ಲ ಕಾಣುವ ಡಬ್ಬಿ ಕೊಟ್ಟ ಕೂಡಲೆ ಚಿಂಪಾಂಜಿಗಳು ಕುಟ್ಟುವುದನ್ನು ಬಿಟ್ಟು ನೇರ ಬಹುಮಾನಕ್ಕೆ ಕೈಹಾಕಿದವು. ಮನುಷ್ಯರ ಮಕ್ಕಳು ಮಾತ್ರ ಶ್ರದ್ಧೆಯಿಂದ ಕುಟ್ಟುತ್ತಲೇ ಇದ್ದವು! ನಾವಿಲ್ಲಿ ಟೋಪಿ ಮಾರುವವನ ಕತೆ ಹೇಳಿಕೊಂಡು, 'ಕಪಿಚೇಷ್ಟೆ' ಎಂದು ಆ ಕುಲದ ಹೆಸರು ಕೆಡಿಸುತ್ತಿದ್ದೇವೆ. ಕೋಡಿಹಳ್ಳಿಯ ಪಡಸಾಲೆಯಲ್ಲಿ ನನ್ನ ಜಾಗದಲ್ಲಿ ಒಂದು ಚಿಂಪಾಂಜಿ ಕೂತಿದ್ದರೆ ಹೆಗಲು, ಜಂತೆ ಎರಡನ್ನೂ ಬಿಟ್ಟು ಮುದ್ದೆ ಮುಗಿಸಿ, ಎರಡನೆಯದಕ್ಕೆ ಗಂಗಳ ಒಡ್ಡುತ್ತಿತ್ತು.

ನನ್ನ ಪರವಾಗಿ ಒಂದೇ ಒಂದು ಮಾತಿದೆ. ಗಂಟಲು ಹೊರಗೆ ಕಾಣುವುದಿಲ್ಲ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವಾಗ ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ನುಂಗುವುದೂ ಹಾಗೇ ಟವೆಲ್ ಒಳಗಿನ ವ್ಯವಹಾರ. ನಾನು ಟವೆಲ್ಲು ಅಲ್ಲಾಡಿಸಿದೆ, ಅಷ್ಟೆ.

ಮಾವ ವಾರದಲ್ಲಿ ಸಮಾಧಾನವಾದರು. "ಉಗುಳು ನುಂಗ್ತೀರಲ್ಲ, ಅದರ ಬೆನ್ನಿಗೇ ಹಿಟ್ಟನ್ನೂ ಕಳಿಸಿ," ಎಂದು ಬಾಯಲ್ಲಿ ಹೇಳಿಕೊಟ್ಟರು. ಆದರೆ ಮುಂದೆ ಎರಡು ವರ್ಷ ನಾನಿದ್ದಾಗ ಗೋಡೆಯ ಕಡೆ ತಿರುಗಿಯೇ ಉಂಡರು. ನಾನೂ ಸುಮ್ಮನಿರಲಿಲ್ಲ. ಆ ಮನೆಯವರೆಲ್ಲ ಪ್ರೀತಿಯಿಂದ "ಲಾ" ಅನ್ನುವುದನ್ನು ಕೇಳಿ ಕೇಳಿ, ಒಂದು ದಿನ ಮಾವನ ಅಣ್ಣನಿಗೆ "ಊಟ ಆಯ್ತೇನ್ಲಾ ದೊಡ್ಡಪ್ಪಾ?" ಅಂದೆ. ಆ "ಲಾ" ಕೋಡಿಯ ನೀರಿನ ಹಾಗೆ ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಾವನೇನು ಕಡಿಮೆ ನಕಲಿಯೇ? ಅವರು ಹೊಲದ ಕಡೆಗೆ ಮರಳಿದ್ದೇ ಒಂದು ಸಿನಿಮಾ ನೋಡಿ. 1972ರಲ್ಲಿ 'ಬಂಗಾರದ ಮನುಷ್ಯ' ಬಂದಾಗ ಪಟ್ಟಣದ ಕೆಲಸ ಬಿಟ್ಟು ಹೊಲಕ್ಕೆ ಮರಳಿದವರ ಕತೆ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಮಾವ ಅವರಲ್ಲೊಬ್ಬರು. ಬೆಂಗಳೂರಿನ ಕಾರ್ಖಾನೆ ಬಿಟ್ಟರು, ಬಂಡೆ ಒಡೆದು ಬಾವಿ ತೋಡಿದರು, ರಾಜ್‌ಕುಮಾರರ ಹಾಗೆ ಕ್ರಾಪು ಬಾಚಿದರು. ಪಕ್ಕದವರು ಹಿಪ್ಪುನೇರಳೆ ನೆಟ್ಟದ್ದು ನೋಡಿ ತಾವೂ ನೆಟ್ಟರು, ಚಂದ್ರಿಕೆಯ ಮೇಲೆ ಹುಳು ಬಿಟ್ಟರು, ಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಹೋದರು. ಸಿನಿಮಾದ ಕೊನೆಯಲ್ಲಿ ನಾಯಕ ಎಲ್ಲ ಬಿಟ್ಟು ಮನೆಯಿಂದ ಹೊರಟುಹೋಗುತ್ತಾನಲ್ಲ, ಅದನ್ನು ಕೇಳಿದರೆ, "ಕೊನೇದೊಂದ್ ಬಿಟ್ಟು ಎಲ್ಲಾ ಮಾಡ್ದೆ ಕಣಪ್ಪ," ಎಂದು ನಗುತ್ತಿದ್ದರು. ಬೇಕಾದ್ದು ಹಿಡಿದು ಬೇಡದ್ದು ಬಿಡುವ ಚಿಂಪಾಂಜಿಯ ವಿವೇಕ ಅವರಿಗಿತ್ತು.

ರಾಗಿ ತೆನೆ ಕಟ್ಟುವ ಕಾಲದಲ್ಲಿ ಕಾಡಿನಿಂದ ಆನೆ ಇಳಿಯುತ್ತಿದ್ದವು. ದಕ್ಷಿಣ ಭಾರತದಲ್ಲಿ ಹೊಲಗದ್ದೆ ಹೆಚ್ಚಿರುವ ಕಡೆ ಹರೆಯದ ಗಂಡಾನೆಗಳು ಗುಂಪು ಕಟ್ಟಿಕೊಂಡು ಓಡಾಡುತ್ತವೆ ಎಂದು 2019ರ ಅಧ್ಯಯನವೊಂದು ತೋರಿಸಿದೆ. ಅಟ್ಟಣೆಯ ಮೇಲೆ ತಗಡು ಬಡಿಯುತ್ತ ರಾತ್ರಿ ಕಳೆದ ಮಾವನಿಗೆ ಅದರ ಸಂಗತಿ ಮೊದಲೇ ಗೊತ್ತಿತ್ತು: "ಮುದ್ಕಾನೆ ಬೇಲಿ ಹೆಂಗ್ ದಾಟ್ತದೆ ಅಂತ ಹೈಕ್ಳು ನಿಂತ್ಕಂಡ್ ನೋಡ್ತವೆ." ಆನೆಗಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ನಮ್ಮಂಥವರ ಮೇಲೆ. ಬೆಂಗಳೂರಿನವರೊಬ್ಬರು ಪಕ್ಕದ ಎರಡೆಕರೆ ಕೊಂಡು ಕಾಂಪೌಂಡು ಹಾಕಿ ಹುಲ್ಲುಹಾಸು ಬೆಳೆದರು. ಅವರ ಗೆಳೆಯರು ಬಂದು ನೋಡಿದರು, ಅವರೂ ಕೊಂಡರು. ಮಾರಿದವರ ಹೊಸ ಕಾರನ್ನು ನೋಡಿ ಅವರ ಪಕ್ಕದವರೂ ಮಾರಿದರು. ಐದು ವರ್ಷದಲ್ಲಿ ಮಾವನ ಹೊಲದ ಮೂರು ದಿಕ್ಕಿಗೂ ಗೋಡೆ. ಒಳಗೆ ಶನಿವಾರ ಮಾತ್ರ ದೀಪ. ರಾಗಿ ಬೆಳೆದ ನೆಲದಲ್ಲಿ ತಿನ್ನಲಾಗದ ಹುಲ್ಲಿಗೆ ನೀರು ಹಾಯಿಸುವುದನ್ನು ಯಾವ ಸಿನಿಮಾ ನೋಡಿ ಕಲಿತರೋ ನನಗೆ ತಿಳಿಯದು. ಮಾವ ಮಾರಲಿಲ್ಲ. ನಾಲ್ಕು ವರ್ಷದ ಹಿಂದೆ ಆ ಕೊನೇದೊಂದನ್ನೂ ಮಾಡಿದರು. ನನ್ನ ಮಗಳಿಗೆ ಆಗ ಎಂಟು ತಿಂಗಳು.

ಮೊನ್ನೆ ಸಂಕ್ರಾಂತಿಗೆ ಹೋಗಿದ್ದೆವು. ಹಳೆ ಮನೆ ಹೋಗಿ ಆರ್‌ಸಿಸಿ ಮನೆ ಬಂದಿದೆ, ಜಂತೆಯಿಲ್ಲ, ಹಲ್ಲಿಗೂ ಅಡಗಲು ಜಾಗವಿಲ್ಲದ ನುಣುಪು ಬಿಳಿ ಸೀಲಿಂಗು. ಹಿತ್ಕವರೆ ಸಾರು. ಮಗಳಿಗೆ ಅತ್ತೆ ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿಕೊಟ್ಟರು. ಅವಳು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಚಿವುಟಿದಳು. ಬೆರಳಲ್ಲೇ ಉರುಳಿಸಿದಳು. ಸಾರಿನಲ್ಲಿ ಹೊರಳಿಸಿ ಎತ್ತಿದಳು. ಎತ್ತಿದ್ದು ಅಲ್ಲೇ ನಿಂತಿತು. ಪುಟ್ಟ ಎಡ ಹೆಗಲು ಕಿವಿಯ ತನಕ ಏರಿತು. ತಲೆ ಮೇಲೆ ಮಾಡಿ ಟ್ಯೂಬ್‌ಲೈಟನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ನುಂಗಿದಳು. "ಹ್ಞಾ."

ನಾನು ಅದನ್ನೆಲ್ಲ ಎಂದೋ ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಎಡ ಹೆಗಲನ್ನೇ ನೋಡುತ್ತಿದ್ದಳು. ಅದು ಮೇಲಿತ್ತು.

ಅತ್ತೆ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಕೂಸಿಗೂ ಹೆಗಲು ನೋವು," ಅಂದರು. ನೀಲಗಿರಿ ಎಣ್ಣೆ ತರುತ್ತೇನೆಂದು ಒಳಗೆ ಹೋದರು. ಶೀಸೆ ಕಿಟಕಿಯ ಮೇಲೇ ಇತ್ತು, ನಮಗೆಲ್ಲ ಕಾಣುತ್ತಿತ್ತು. ಸಾರು ಆರುವ ತನಕ ಅವರು ಹೊರಗೆ ಬರಲಿಲ್ಲ.