ಪೈಲಟ್ ಜಾಕೆಟ್ಟೂ ಭದ್ರಾವತಿಯ ಮಾವನವರೂ

ಶಿವಮೊಗ್ಗದಲ್ಲಿ ಚರ್ಮದ ಜಾಕೆಟ್ ತೊಟ್ಟವರಿಗೆ ವರ್ಷದಲ್ಲಿ ಎರಡೇ ಕಾಲ: ಬೆವರುವುದೊಂದು, ನೆನೆಯುವುದೊಂದು. ಬೆಂಗಳೂರಿನ ಅಳಿಯಂದಿರಿಗೆ ಇದನ್ನು ಹೇಳುವವರು ಯಾರು? ನನ್ನ ಅರವತ್ತರ ಶಾಂತಿಗೆ ಪೈಲಟ್ ಜಾಕೆಟ್ ತಂದೇಬಿಟ್ಟರು. ಕಂದು ಚರ್ಮ, ಎದೆಗೆ ರೆಕ್ಕೆ, ಬೆನ್ನಿಗೆ ಚೀನಾದ ಹಳೇ ಬಾವುಟ, ಅದರ ಕೆಳಗೆ ಚೀನೀ ಅಕ್ಷರಗಳ ಸಾಲು.

ಅಮೆರಿಕದ ವಾಯುದಳ 1931ರಲ್ಲಿ ತನ್ನ ಪೈಲಟ್‌ಗಳಿಗೆ ಗೊತ್ತುಮಾಡಿದ ಎ-2 ಎಂಬ ಜಾಕೆಟ್ಟಿನ ನಕಲು ಇದು. ಅಸಲಿನದು ಹೆಚ್ಚಾಗಿ ಕುದುರೆ ಚರ್ಮ. ನನ್ನದು ಯಾವುದರದೋ, ನಮ್ಮಂಥ ಮನೆಯಲ್ಲಿ ವಿಚಾರಿಸದಿರುವುದೇ ಕ್ಷೇಮ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಆ ಪೈಲಟ್‌ಗಳಿಗೆ ಜಾಕೆಟ್ ಬೇಕಿತ್ತು. ಬೆನ್ನಿನ ಬಾವುಟವೂ ಶೋಕಿಗಲ್ಲ. ಜಪಾನೀಯರ ವಿರುದ್ಧ ಚೀನಾದ ಪರ ಹಾರುತ್ತಿದ್ದ ಫ್ಲೈಯಿಂಗ್ ಟೈಗರ್ಸ್‌ನವರು ಪ್ಯಾರಾಚೂಟಿನಲ್ಲಿ ಯಾವುದೋ ಹಳ್ಳಿಗೆ ಬಿದ್ದರೆ ಗತಿಯೇನು? ಅದಕ್ಕೇ ಆ ಬರಹ: ಈ ವಿದೇಶಿ ನಮ್ಮ ಯುದ್ಧಕ್ಕೆ ನೆರವಾಗಲು ಬಂದವನು, ಸೈನಿಕರೂ ಜನರೂ ಇವನನ್ನು ಕಾಪಾಡಿ. ಅದನ್ನು ಬೆನ್ನಿಗೆ ಹೊತ್ತು ನಾನು ಗಾಂಧಿ ಬಜಾರಿನಲ್ಲಿ ಟೊಮ್ಯಾಟೊ ಚೌಕಾಸಿ ಮಾಡಿದೆ. ಯಾರೂ ಕಾಪಾಡಲಿಲ್ಲ.

ಆ ಯುದ್ಧದಲ್ಲಿ ಅಮೆರಿಕದ ವಿಮಾನಗಳು ದುರಸ್ತಿಗೆ ಬರುತ್ತಿದ್ದುದು ಬೆಂಗಳೂರಿಗೇ, 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟಿಗೆ. ಈ ಸಂಬಂಧ ಹಿಡಿದು, ಜಾಕೆಟ್ಟಿಗೂ ನಮಗೂ ನಂಟುಂಟು ಎಂದು ಭದ್ರಾವತಿಯ ಮಾವನವರಿಗೆ ವಿವರಿಸಿದೆ. ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಆಯುಷ್ಯ ಸವೆಸಿದವರು.

“ಯಾವ ಶಾಪಿಂದು ಇದು?” ಎಂದು ತೋಳನ್ನು ಹೆಬ್ಬೆರಳಲ್ಲಿ ತಿಕ್ಕಿ, ಒಳಗನ್ನು ಹೊರಗೆ ಮಗುಚಿ, ನುಣುಪು ಲೈನಿಂಗ್ ನೋಡಿದರು. “ಒಂದು ಕಿಡಿ ಸಾಕು, ಹೊತ್ಕೊಳ್ಳತ್ತೆ.”

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಹರಿಯತೊಡಗಿದಾಗಿನಿಂದ ಅಲ್ಲಿ ಚರ್ಮವೆಂದರೆ ಏಪ್ರನ್ನು, ಕೈಗವಸು. ಚಳಿಗಲ್ಲ, ಬೆಂಕಿಗೆ.

“ನಮ್ಮ ಏಪ್ರನ್ನು ಯಾರೂ ಅಳಿಯಂದ್ರಿಗೆ ಉಡುಗೊರೆ ಕೊಡಲ್ಲ ನೋಡಿ,” ಎಂದರು. ಬೆವರಿಗೆ ರೆಕ್ಕೆಯ ಬಿಲ್ಲೆ ಹೊಲಿದರೆ ಬೆಲೆ ಏರುವುದು ನಿಜವೇ.

ಜಾಕೆಟ್ಟಿನ ಜೊತೆ ಕೆಂಪು ಚರ್ಮದ ಕೀಚೈನೂ ಬಂದಿತ್ತು: ‘ರಿಮೂವ್ ಬಿಫೋರ್ ಫ್ಲೈಟ್’. ನಿಂತ ವಿಮಾನದ ಪಿನ್ನು, ಮುಚ್ಚಳಗಳಿಗೆ ಕಟ್ಟುವ ಪಟ್ಟಿ ಇದು. ಗಾಳಿಯ ಕೊಳವೆಯ ಮುಚ್ಚಳ ಕಳಚಲು ಮರೆತರೆ ವೇಗದ ಮೀಟರು ಸುಳ್ಳು ಹೇಳುತ್ತದೆ. ನಾನು ಕಳಚಿದರೆ ಸ್ಕೂಟರೇ ಹೊರಡುವುದಿಲ್ಲ.

ಆಷಾಢದಲ್ಲಿ ಬೀರು ತೆಗೆದರೆ ಜಾಕೆಟ್ಟಿನ ತುಂಬ ಹಸಿರು ಬೂಷ್ಟು. ಒಣಬಟ್ಟೆಯಲ್ಲಿ ಒರೆಸಿ ನೆರಳಿಗೆ ಹಾಕಿದ ಹೆಂಡತಿ, “ಹಪ್ಪಳಕ್ಕೂ ಇಷ್ಟು ಆರೈಕೆ ಮಾಡಿಲ್ಲ ನಾನು,” ಎಂದಳು.

ನಮ್ಮ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು; ಆಗಸ್ಟ್ ಕೊನೆಗೆ ಬೆಂಗಳೂರಿನ ವಿಮಾನವೂ ಶುರುವಾಯಿತು. ಈಗಲ್ಲದಿದ್ದರೆ ಇನ್ಯಾವಾಗ ಎಂದು ಜಾಕೆಟ್ ಏರಿಸಿಕೊಂಡು ಹೊರಟೆ. ಅಸಲಿ ಪೈಲಟ್ ತೆಳು ಬಿಳಿ ಶರ್ಟಿನಲ್ಲಿ ಪಕ್ಕದಲ್ಲೇ ಸರಸರ ನಡೆದುಹೋದರು. ತಪಾಸಣೆಯಲ್ಲಿ ನನ್ನ ಜಾಕೆಟ್ ಟ್ರೇಗೆ ಬಿತ್ತು. ಆಮೇಲೆ ಬೆಲ್ಟು. ಆಮೇಲೆ ಪರ್ಸು. ಕೊನೆಗೆ ಕೀಚೈನು. ಅದನ್ನು ತಿರುಗಿಸಿ ಓದಿದ ಭದ್ರತೆಯವರು, “ಇದರಲ್ಲೇ ಬರೆದಿದೆಯಲ್ಲ ಸಾರ್,” ಎಂದರು.